ಮಾರ್ಫಿನ್ ಗುಳಿಗೆ ಎಂದರೆ ಅಫೀಮೇ? ಅಪ್ಪ ನುಂಗಲು ಒಪ್ಪುತ್ತಿಲ್ಲ

ಹಾನಗಲ್ಲಿನ ಮಗ

ಎಲ್ಲರಿಗೂ ನಮಸ್ಕಾರ. ನಮ್ಮದು ಹಾನಗಲ್ ತಾಲ್ಲೂಕಿನ ಒಂದು ಹಳ್ಳಿ. ಅಪ್ಪನಿಗೆ 68 ವರ್ಷ. ಬಾಯಿಯ ಕ್ಯಾನ್ಸರ್ ದವಡೆಯಿಂದ ಕುತ್ತಿಗೆಗೆ ಇಳಿದಿದೆ. ಇನ್ನು ಆಪರೇಷನ್ನಿನಿಂದ ಪ್ರಯೋಜನವಿಲ್ಲ, ನೋವಿಲ್ಲದಂತೆ ನೋಡಿಕೊಳ್ಳೋಣ ಎಂದು ಹುಬ್ಬಳ್ಳಿಯ ಡಾಕ್ಟರು ಕಳೆದ ತಿಂಗಳು ಮಾರ್ಫಿನ್ ಗುಳಿಗೆ ಬರೆದುಕೊಟ್ಟರು. ಎಷ್ಟೋ ತಿಂಗಳಿಂದ ಗೋಡೆಗೆ ಒರಗಿಯೇ ರಾತ್ರಿ ಕಳೆಯುತ್ತಿದ್ದ ಅಪ್ಪ ಆ ಮೊದಲ ವಾರ ಮೈಚಾಚಿ ಮಲಗಿ ನಿದ್ದೆ ಮಾಡಿದರು. ಬೆಳಗ್ಗೆ ಎದ್ದವರೇ ಎತ್ತಿಗೆ ಮೇವು ಹಾಕಿದೆಯಾ ಎಂದು ನನ್ನನ್ನು ಕೇಳಿದರು.

ಕಳೆದ ಭಾನುವಾರ ನೋಡಲು ಬಂದ ಸೋದರಮಾವ ಗುಳಿಗೆಯ ಹೆಸರನ್ನು ಮೊಬೈಲಿನಲ್ಲಿ ಹುಡುಕಿ, ‘ಇದು ಅಫೀಮು, ಚಟ ಹಿಡಿಯುತ್ತದೆ, ಇದನ್ನು ಕೊಟ್ಟರೆ ಮನುಷ್ಯ ಬೇಗ ಹೋಗುತ್ತಾನೆ’ ಎಂದು ಅಪ್ಪನ ಎದುರಿಗೇ ಹೇಳಿದರು. ಅಂದಿನಿಂದ ಅಪ್ಪ ಗುಳಿಗೆಯನ್ನು ನಾಲಿಗೆಯ ಕೆಳಗೆ ಇಟ್ಟುಕೊಂಡು, ನಾನು ಆಚೆ ಹೋದ ಮೇಲೆ ಉಗುಳುತ್ತಿದ್ದಾರೆ. ನಿನ್ನೆ ಹಾಸಿಗೆಯ ಅಡಿಯಲ್ಲಿ ಒದ್ದೆಯಾಗಿ ಒಣಗಿದ ಐದು ಗುಳಿಗೆಗಳು ಸಿಕ್ಕವು. ರಾತ್ರಿಯೆಲ್ಲ ಕುತ್ತಿಗೆಗೆ ಟವೆಲ್ ಅದುಮಿಕೊಂಡು ಕುಳಿತಿರುತ್ತಾರೆ.

ನನ್ನ ಪ್ರಶ್ನೆ ಎರಡು. ಇದು ನಿಜವಾಗಿಯೂ ಅಫೀಮೇ? ಅಲ್ಲದೆ ಹಾನಗಲ್, ಹಾವೇರಿ ಎರಡೂ ಕಡೆ ಏಳು ಮೆಡಿಕಲ್ ಅಂಗಡಿ ತಿರುಗಿದರೂ ಒಬ್ಬರ ಬಳಿಯೂ ಈ ಗುಳಿಗೆ ಏಕೆ ಇಲ್ಲ? ಪ್ರತಿ ಸಲವೂ ಕೆಲಸ ಬಿಟ್ಟು ಹುಬ್ಬಳ್ಳಿಯ ಬಸ್ಸು ಹತ್ತಬೇಕಾಗಿದೆ.

ನವನಗರದ ನರ್ಸ್

ತಮ್ಮಾ, ಮೊದಲು ಇವತ್ತಿನ ರಾತ್ರಿಯ ಮಾತು ಹೇಳುತ್ತೇನೆ. ಗುಳಿಗೆಯನ್ನು ಉಗುಳುತ್ತಿರುವ ವಿಷಯವನ್ನು ಬರೆದುಕೊಟ್ಟ ಡಾಕ್ಟರಿಗೆ ಫೋನ್ ಮಾಡಿ ತಿಳಿಸಿ. ಕೆಲವು ದಿನ ಬಿಟ್ಟು ಮತ್ತೆ ಶುರು ಮಾಡುವಾಗ ಎಷ್ಟು ಕೊಡಬೇಕೆಂದು ಅವರೇ ಹೇಳಬೇಕು. ತಪ್ಪಿಹೋದದ್ದನ್ನೆಲ್ಲ ಸೇರಿಸಿ ಒಮ್ಮೆಲೇ ಕೊಡಬೇಡಿ.

ನಾನು ಕ್ಯಾನ್ಸರ್ ವಾರ್ಡಿನಲ್ಲಿ ಹದಿನಾಲ್ಕು ವರ್ಷ ಕೆಲಸ ಮಾಡಿದ್ದೇನೆ. ನಿಮ್ಮ ಮಾವನವರು ಆಡಿದ ಮಾತನ್ನು ವಾರಕ್ಕೆ ಒಬ್ಬರಾದರೂ ಆಡುತ್ತಿದ್ದರು, ಮತ್ತು ಪ್ರೀತಿಯಿಂದಲೇ ಆಡುತ್ತಿದ್ದರು. ಮಾರ್ಫಿನ್ ಬರುವುದು ಅಫೀಮಿನಿಂದಲೇ, ಅದು ನಿಜ. ಆದರೆ ನೋವಿಗೆಂದು ಅಳತೆಯಲ್ಲಿ, ಗಂಟೆಗೆ ಸರಿಯಾಗಿ ತೆಗೆದುಕೊಳ್ಳುವವನಿಗೂ ನಶೆಗೆಂದು ತೆಗೆದುಕೊಳ್ಳುವವನಿಗೂ ಬಹಳ ವ್ಯತ್ಯಾಸವಿದೆ. ದಿನಗಳು ಹೋದಂತೆ ದೇಹ ಔಷಧಕ್ಕೆ ಒಗ್ಗಿಕೊಳ್ಳುತ್ತದೆ, ಆದ್ದರಿಂದ ಒಮ್ಮೆಲೇ ನಿಲ್ಲಿಸಬಾರದು. ಹೀಗೆ ಒಗ್ಗಿಕೊಳ್ಳುವುದು ಚಟವಲ್ಲ. ಸರಿಯಾದ ಪ್ರಮಾಣದಲ್ಲಿ ಕೊಟ್ಟ ಮಾರ್ಫಿನ್ ಸಾವನ್ನು ಹತ್ತಿರ ತರುವುದೂ ಇಲ್ಲ. ನೋವು ಇಳಿದ ಮೇಲೆ ಎರಡು ತುತ್ತು ಹೆಚ್ಚು ಉಂಡವರನ್ನು, ಮೊಮ್ಮಕ್ಕಳ ಜೊತೆ ಮಾತನಾಡಿದವರನ್ನು ನಾನು ಲೆಕ್ಕವಿಲ್ಲದಷ್ಟು ನೋಡಿದ್ದೇನೆ.

ಮೊದಲ ಎರಡು ಮೂರು ದಿನ ಜೋಂಪು, ವಾಕರಿಕೆ ಇರಬಹುದು. ಅವು ತಾವಾಗಿಯೇ ಕಡಿಮೆಯಾಗುತ್ತವೆ. ಮಲಬದ್ಧತೆ ಮಾತ್ರ ಬಿಡುವುದಿಲ್ಲ. ಅದಕ್ಕೆ ಕೊಟ್ಟ ಔಷಧವನ್ನು ಮಾರ್ಫಿನ್ ಜೊತೆ ದಿನವೂ ಕೊಡಲೇಬೇಕು. ಎಷ್ಟೋ ಜನ ಈ ಒಂದು ಕಾರಣಕ್ಕೇ ಗುಳಿಗೆ ಬಿಟ್ಟುಬಿಡುತ್ತಾರೆ, ಮನೆಯವರಿಗೆ ಹೇಳುವುದಿಲ್ಲ. ನಿಮ್ಮ ಅಪ್ಪನನ್ನು ನಾಚಿಕೆಯಿಲ್ಲದೆ ಕೇಳಿ ನೋಡಿ.

ಗದಗ ಮಾಸ್ತರ

ನರ್ಸ್ ಅಕ್ಕಾವರು ಹೇಳಿದ್ದು ಸರಿ. ಹೆಸರಿನ ವಿಚಾರದಲ್ಲಿ ಸ್ವಲ್ಪ ಸೇರಿಸುತ್ತೇನೆ. ಗಸಗಸೆ ಗಿಡದ ಹಸಿ ಕಾಯಿಯನ್ನು ಗೀರಿದಾಗ ಬರುವ ಹಾಲು ಗಟ್ಟಿಯಾದರೆ ಅಫೀಮು. ರಸ ಎಂಬ ಅರ್ಥದ ಗ್ರೀಕ್ ಪದ ಅರಬ್ಬಿಯಲ್ಲಿ ‘ಅಫ್ಯೂನ್’ ಆಗಿ, ಸಂಸ್ಕೃತದಲ್ಲಿ ‘ಅಹಿಫೇನ’ ಆಗಿ, ನಮ್ಮಲ್ಲಿ ಅಫೀಮು ಆಗಿ ನಿಂತಿದೆ. ಅಹಿಫೇನ ಎಂದರೆ ಹಾವಿನ ನೊರೆ. ಹೊರಗಿನಿಂದ ಬಂದ ಪದವನ್ನು ನಮ್ಮ ಪಂಡಿತರು ತಮಗೆ ತಿಳಿಯುವ ಅರ್ಥಕ್ಕೆ ಹೊಂದಿಸಿಕೊಂಡರು.

ಅಫೀಮಿನಲ್ಲಿ ಹತ್ತಾರು ರಾಸಾಯನಿಕಗಳಿವೆ. ಜರ್ಮನಿಯ ಸೆರ್ಟ್ಯುರ್ನರ್ ಎಂಬ ಔಷಧ ಅಂಗಡಿಯ ಯುವಕ 1805ರ ಸುಮಾರಿಗೆ ಅದರಿಂದ ಒಂದನ್ನು ಬೇರ್ಪಡಿಸಿ, ಗ್ರೀಕರ ಕನಸಿನ ದೇವತೆ ಮಾರ್ಫಿಯಸ್‌ನ ಹೆಸರಿಟ್ಟ. ಗಿಡದಿಂದ ಶುದ್ಧವಾದ ಔಷಧದ ಸತ್ವವನ್ನು ಬೇರ್ಪಡಿಸಿದ ಮೊದಲ ಉದಾಹರಣೆ ಅದು. ಅದಕ್ಕೂ ಮೊದಲು ಅಫೀಮಿನ ಉಂಡೆಯಲ್ಲಿ ಸತ್ವ ಎಷ್ಟಿದೆ ಎಂದು ಯಾರಿಗೂ ಗೊತ್ತಾಗುತ್ತಿರಲಿಲ್ಲ. ಒಂದು ಉಂಡೆಗೆ ನೋವು ಹೋಗುತ್ತಿರಲಿಲ್ಲ, ಇನ್ನೊಂದು ಉಂಡೆಗೆ ಜೀವವೇ ಹೋಗುತ್ತಿತ್ತು. ನಿಮ್ಮ ತಂದೆಯವರ ಗುಳಿಗೆಯಲ್ಲಿ ಇಷ್ಟೇ ಮಿಲಿಗ್ರಾಂ ಇದೆ ಎಂದು ಅಚ್ಚಾಗಿರುತ್ತದಲ್ಲ, ಅಫೀಮಿಗೂ ಔಷಧಕ್ಕೂ ಇರುವ ಅಂತರ ಅದೇ.

ಬೆಟಗೇರಿ ಮಗ್ಗ

ಮಾಸ್ತರರೇ, ಆ ಕೊನೆಯ ವಾಕ್ಯವನ್ನು ನಮ್ಮ ಮನೆಯಲ್ಲೂ ಓದಿ ಹೇಳಿದೆ. ಅವ್ವನಿಗೂ ಇದೇ ಗುಳಿಗೆ ನಡೆಯುತ್ತಿದೆ.

ಹಳೇ ಹುಬ್ಬಳ್ಳಿ ಔಷಧ ಅಂಗಡಿ

ಎರಡನೆಯ ಪ್ರಶ್ನೆಗೆ ನಾನು ಉತ್ತರಿಸುತ್ತೇನೆ, ಏಕೆಂದರೆ ‘ಇಲ್ಲ’ ಎಂದು ಹೇಳಿ ಜನರನ್ನು ವಾಪಸು ಕಳಿಸಿದವರಲ್ಲಿ ನಾನೂ ಒಬ್ಬ.

1985ರಲ್ಲಿ ಮಾದಕ ವಸ್ತುಗಳ ನಿಯಂತ್ರಣ ಕಾಯ್ದೆ ಬಂದಿತು. ಕಳ್ಳಸಾಗಣೆಯನ್ನು ತಡೆಯಲು ಮಾಡಿದ ಆ ಕಾಯ್ದೆಯಲ್ಲಿ ತಪ್ಪಿಗೆ ಕನಿಷ್ಠ ಹತ್ತು ವರ್ಷ ಸೆರೆ ಎಂದಿತ್ತು. ಆಸ್ಪತ್ರೆಯೊಂದು ಮಾರ್ಫಿನ್ ಇಟ್ಟುಕೊಳ್ಳಬೇಕಾದರೆ ಬೇರೆ ಬೇರೆ ಇಲಾಖೆಗಳಿಂದ ನಾಲ್ಕೈದು ಪರವಾನಗಿ ಪಡೆಯಬೇಕಿತ್ತು, ಮತ್ತು ಅಷ್ಟೂ ಪರವಾನಗಿಗಳು ಏಕಕಾಲಕ್ಕೆ ಊರ್ಜಿತದಲ್ಲಿರಬೇಕಿತ್ತು. ಒಂದು ಕೈಗೆ ಬರುವಷ್ಟರಲ್ಲಿ ಇನ್ನೊಂದರ ಅವಧಿ ಮುಗಿಯುತ್ತಿತ್ತು. ಲೆಕ್ಕದಲ್ಲಿ ಒಂದು ಗುಳಿಗೆ ಹೆಚ್ಚುಕಡಿಮೆಯಾದರೆ ಜೈಲಿಗೆ ಹೋಗಬೇಕಾದೀತು ಎಂಬ ಭಯದಲ್ಲಿ ಎಲ್ಲರೂ ಕೈಬಿಟ್ಟರು. ದೇಶದ ಔಷಧ ಬಳಕೆಯ ಮಾರ್ಫಿನ್ ಶೇ. 90ಕ್ಕಿಂತ ಹೆಚ್ಚು ಕುಸಿದು, 1997ರಲ್ಲಿ ಬರಿಯ 18 ಕಿಲೋಗೆ ಬಂದು ನಿಂತಿತು. ಇಡೀ ಭಾರತಕ್ಕೆ, ಇಡೀ ವರ್ಷಕ್ಕೆ.

2014ರಲ್ಲಿ ಕಾಯ್ದೆ ತಿದ್ದುಪಡಿಯಾಯಿತು, ಮರುವರ್ಷ ನಿಯಮಗಳು ಬಂದವು. ಮಾರ್ಫಿನ್, ಕೋಡೀನ್, ಫೆಂಟನಿಲ್, ಮೆಥಡೋನ್, ಆಕ್ಸಿಕೋಡೋನ್, ಹೈಡ್ರೋಕೋಡೋನ್ ಈ ಆರನ್ನು ಅಗತ್ಯ ಮಾದಕ ಔಷಧಗಳೆಂದು ಗುರುತಿಸಿ, ರಾಜ್ಯದ ಔಷಧ ನಿಯಂತ್ರಕರಿಂದ ಮಾನ್ಯತೆ ಪಡೆದ ವೈದ್ಯಕೀಯ ಸಂಸ್ಥೆಗಳು ಅವುಗಳನ್ನು ಇಟ್ಟು ರೋಗಿಗಳಿಗೆ ಕೊಡಬಹುದೆಂದು ಮಾಡಿದರು. ಆದರೆ ಮೂವತ್ತು ವರ್ಷದ ಅಂಜಿಕೆ ಒಂದು ಆದೇಶದಿಂದ ಹೋಗುವುದಿಲ್ಲ. ಪ್ರತ್ಯೇಕ ಬೀಗದ ಕಪಾಟು, ಪ್ರತಿ ಗುಳಿಗೆಗೂ ರಿಜಿಸ್ಟರು, ಚೀಟಿಯ ನಕಲು, ಇಷ್ಟೆಲ್ಲ ಮಾಡಿ ಉಳಿಯುವ ಲಾಭ ಪೈಸೆಯ ಲೆಕ್ಕದ್ದು. ಆದ್ದರಿಂದ ಸಣ್ಣ ಅಂಗಡಿಯವರು ಮುಂದೆ ಬರುವುದಿಲ್ಲ. ನಿಮಗೆ ಔಷಧ ಕೊಡುತ್ತಿರುವುದು ಅಂಥ ಮಾನ್ಯತೆಯಿರುವ ಸಂಸ್ಥೆಯೇ ಇರಬೇಕು.

ಬ್ಯಾಡಗಿ ರೈತ

ನನಗೊಂದು ಸಂದೇಹ. ಇಷ್ಟು ಬೇಡಿಕೆಯ ಬೆಳೆಯಾದರೆ ಸರ್ಕಾರ ನಮಗೂ ಬೆಳೆಯಲು ಏಕೆ ಬಿಡುವುದಿಲ್ಲ? ಮೆಣಸಿನಕಾಯಿ ದರ ಬಿದ್ದಾಗ ನಾವು ಏನು ಮಾಡಬೇಕು?

ರಾಣೆಬೆನ್ನೂರು ಬೀಜ

ಅಣ್ಣಾವರೇ, ನಾನು ಬೀಜದ ಕಂಪನಿಯ ಕೆಲಸಕ್ಕಾಗಿ ಮಧ್ಯಪ್ರದೇಶದ ಮಂದಸೌರಿನಲ್ಲಿ ಮೂರು ಚಳಿಗಾಲ ಇದ್ದೆ. ಆ ಬೆಳೆಯನ್ನು ಹತ್ತಿರದಿಂದ ಕಂಡ ಮೇಲೆ ನಿಮಗೆ ಆಸೆ ಉಳಿಯಲಾರದು.

ಮಧ್ಯಪ್ರದೇಶ, ರಾಜಸ್ಥಾನ, ಉತ್ತರಪ್ರದೇಶಗಳ ಗೊತ್ತುಪಡಿಸಿದ ಪ್ರದೇಶಗಳಲ್ಲಿ ಮಾತ್ರ ಪರವಾನಗಿ. ಗ್ವಾಲಿಯರಿನಲ್ಲಿ ಕೇಂದ್ರ ಕಚೇರಿಯಿರುವ ಕೇಂದ್ರೀಯ ನಾರ್ಕೋಟಿಕ್ಸ್ ಬ್ಯೂರೋ ಅದನ್ನು ಕೊಡುತ್ತದೆ. ಒಬ್ಬ ರೈತನಿಗೆ ಸಿಗುವುದು ಸಾಮಾನ್ಯವಾಗಿ ಹತ್ತು ‘ಆರಿ’, ಅಂದರೆ ನಮ್ಮ ಲೆಕ್ಕದಲ್ಲಿ ಹೆಚ್ಚುಕಡಿಮೆ ಹತ್ತು ಗುಂಟೆ. ಅಧಿಕಾರಿಗಳು ಬಂದು ಹೊಲವನ್ನು ಅಳೆಯುತ್ತಾರೆ. ಇಳುವರಿ ಗೊತ್ತುಪಡಿಸಿದ ಮಟ್ಟಕ್ಕಿಂತ ಕಡಿಮೆಯಾದರೆ ಮರುವರ್ಷ ಪರವಾನಗಿಯೇ ಹೋಗಬಹುದು. 2023–24ರ ನೀತಿಯಲ್ಲಿ ಹೆಕ್ಟೇರಿಗೆ 4.2 ಕಿಲೋ ಮಾರ್ಫಿನ್ ಸಿಗುವಷ್ಟು ಅಫೀಮು ಕೊಟ್ಟವರಿಗೆ ಪರವಾನಗಿ ಮುಂದುವರಿಸಿದರು. ಆ ವರ್ಷ ಮೂರೂ ರಾಜ್ಯ ಸೇರಿ ಸುಮಾರು 1.12 ಲಕ್ಷ ರೈತರು ಅರ್ಹರಾಗುತ್ತಾರೆಂದು ಸರ್ಕಾರ ಹೇಳಿತ್ತು.

ಫೆಬ್ರವರಿ ಬಂದರೆ ಮನೆಮಂದಿಯೆಲ್ಲ ಹೊಲದಲ್ಲೇ. ಮಧ್ಯಾಹ್ನದ ಬಿಸಿಲಿನಲ್ಲಿ ಒಂದೊಂದು ಕಾಯಿಯನ್ನೂ ಎಡಗೈಯಲ್ಲಿ ಮೆಲ್ಲಗೆ ಹಿಡಿದು, ಸಾಲಾಗಿ ಮೊನೆಗಳಿರುವ ಪುಟ್ಟ ಉಪಕರಣದಿಂದ ಉದ್ದಕ್ಕೆ ಗೀರುತ್ತಾರೆ. ಬಿಳಿಯ ಹಾಲು ಹನಿಹನಿಯಾಗಿ ಹೊರಬಂದು, ರಾತ್ರಿ ಕಳೆಯುವಷ್ಟರಲ್ಲಿ ಕಂದುಬಣ್ಣಕ್ಕೆ ತಿರುಗಿ ಅಂಟಾಗುತ್ತದೆ. ಬಿಸಿಲೇರುವ ಮೊದಲು ಅದನ್ನು ಕೆರೆದು ಪಾತ್ರೆಗೆ ತೆಗೆಯಬೇಕು. ಒಂದೇ ಕಾಯಿಗೆ ಕೆಲವು ದಿನ ಬಿಟ್ಟು ಬಿಟ್ಟು ಮೂರು ನಾಲ್ಕು ಸಲ ಹೀಗೆ. ಗೀರುವ ಕಾಲಕ್ಕೆ ಒಂದು ಮಳೆ ಬಂದರೆ ವರ್ಷದ ಶ್ರಮ ತೊಳೆದುಹೋಯಿತೆಂದೇ ಅರ್ಥ. ಗಿಳಿಗಳು ಕಾಯಿ ಕಚ್ಚಿಕೊಂಡು ಹಾರುತ್ತವೆ, ಅದಕ್ಕೆ ಹೊಲದ ಮೇಲೆಲ್ಲ ಬಲೆ. ರಾತ್ರಿ ಕಳ್ಳರ ಕಾವಲು. ಕೊನೆಗೆ ಇಷ್ಟನ್ನೂ ಸರ್ಕಾರಕ್ಕೇ, ಸರ್ಕಾರ ಹೇಳಿದ ದರಕ್ಕೇ ಒಪ್ಪಿಸಬೇಕು. ಪರವಾನಗಿ ಇಲ್ಲದೆ ಹಿತ್ತಲಲ್ಲಿ ಬೆಳೆದರೂ ಅಪರಾಧ.

ಸಾಧನಕೇರಿ ಓದುಗ

ಇಷ್ಟಕ್ಕೆಲ್ಲ ಮೂಲ ಬ್ರಿಟಿಷರು. ಅಫೀಮನ್ನು ಭಾರತಕ್ಕೆ ತಂದವರೇ ಅವರು, ಚೀನಾದ ಜನರಿಗೆ ಚಟ ಹಿಡಿಸಿದವರೂ ಅವರು. ನಮ್ಮ ನೆಲದ ವಿಷ ಎಂಬ ಕೆಟ್ಟ ಹೆಸರನ್ನು ಈ ಔಷಧ ಇಂದಿಗೂ ಹೊತ್ತಿರುವುದು ಆ ವ್ಯಾಪಾರದಿಂದ.

ಗದಗ ಮಾಸ್ತರ

ಅರ್ಧವನ್ನು ಒಪ್ಪುತ್ತೇನೆ, ಅರ್ಧವನ್ನು ತಿದ್ದಬೇಕಾಗುತ್ತದೆ. ಅಫೀಮು ಬ್ರಿಟಿಷರಿಗಿಂತ ಎಷ್ಟೋ ಶತಮಾನ ಮೊದಲೇ ಅರಬ್ ವ್ಯಾಪಾರಿಗಳ ಮೂಲಕ ಇಲ್ಲಿಗೆ ಬಂದಿತ್ತು. ಮಧ್ಯಯುಗದ ಶಾರ್ಙ್ಗಧರ ಸಂಹಿತೆಯಲ್ಲಿ ಅಹಿಫೇನದ ಪ್ರಸ್ತಾಪವಿದೆ, ಮೊಗಲರ ಕಾಲದಲ್ಲಿ ಮಾಳವದಲ್ಲಿ ಬೇಸಾಯವೇ ಇತ್ತು.

ಬ್ರಿಟಿಷರು ಮಾಡಿದ್ದು ಅದನ್ನು ಸರ್ಕಾರದ ಉದ್ಯಮವಾಗಿಸಿದ್ದು. 1773ರಲ್ಲಿ ವಾರನ್ ಹೇಸ್ಟಿಂಗ್ಸ್ ಬಂಗಾಳದ ಅಫೀಮನ್ನು ಈಸ್ಟ್ ಇಂಡಿಯಾ ಕಂಪನಿಯ ಏಕಸ್ವಾಮ್ಯಕ್ಕೆ ತಂದ. ಬಿಹಾರ ಮತ್ತು ಗಂಗಾ ಬಯಲಿನ ರೈತರಿಗೆ ಮುಂಗಡ ಕೊಟ್ಟು, ಬೇರೆಯವರಿಗೆ ಮಾರದಂತೆ ಕಟ್ಟಿಹಾಕಿ, ಪಟ್ನಾ ಮತ್ತು ಗಾಜೀಪುರದ ಕಾರ್ಖಾನೆಗಳಲ್ಲಿ ಉಂಡೆ ಕಟ್ಟಿಸಿ, ಕಲ್ಕತ್ತೆಯಲ್ಲಿ ಹರಾಜು ಹಾಕಿ ಚೀನಾಕ್ಕೆ ಕಳಿಸಿದರು. ಮಾಳವದ ಅಫೀಮು ನಮ್ಮ ಮುಂಬಯಿಯಿಂದ ಹೊರಡುತ್ತಿತ್ತು. ನಮ್ಮ ಎನ್ನುವುದಕ್ಕೆ ಕಾರಣವಿದೆ: ಆಗಿನ ಧಾರವಾಡ ಜಿಲ್ಲೆ, ಅಂದರೆ ಈಗಿನ ಗದಗ ಹಾವೇರಿಗಳೂ ಸೇರಿ, ಮುಂಬಯಿ ಪ್ರಾಂತದಲ್ಲಿದ್ದವು. ಆ ಪ್ರಾಂತದ ಬೊಕ್ಕಸ ಅಫೀಮಿನ ಸುಂಕದಿಂದಲೂ ತುಂಬುತ್ತಿತ್ತು. 1839ರಲ್ಲಿ ಚೀನಾದ ಅಧಿಕಾರಿ ಲಿನ್ 20,000ಕ್ಕೂ ಹೆಚ್ಚು ಪೆಟ್ಟಿಗೆ ಅಫೀಮನ್ನು ನಾಶ ಮಾಡಿಸಿದಾಗ ಯುದ್ಧವಾಯಿತು, 1842ರಲ್ಲಿ ಹಾಂಗ್‌ಕಾಂಗ್ ಬ್ರಿಟಿಷರ ಪಾಲಾಯಿತು. ಚೀನಾಕ್ಕೆ ಕಳಿಸುವುದನ್ನು ವರ್ಷಕ್ಕೆ ಹತ್ತನೇ ಒಂದು ಭಾಗದಂತೆ ಇಳಿಸುತ್ತ ಬರಲು ಅವರು ಒಪ್ಪಿದ್ದು 1907ರಲ್ಲಿ. ಈಗ ದೇಶದ ಸರ್ಕಾರಿ ಅಫೀಮು ಮತ್ತು ಆಲ್ಕಲಾಯ್ಡ್ (ಅಫೀಮಿನಿಂದ ತೆಗೆದ ಔಷಧದ ಸತ್ವ) ಕಾರ್ಖಾನೆಗಳಿರುವುದು ಅದೇ ಗಾಜೀಪುರದಲ್ಲಿ ಮತ್ತು ಮಧ್ಯಪ್ರದೇಶದ ನೀಮಚ್‌ನಲ್ಲಿ.

ಸಾಧನಕೇರಿ ಓದುಗ

ತಿದ್ದಿದ್ದಕ್ಕೆ ವಂದನೆಗಳು. ತಂದವರು ಎಂದದ್ದು ನನ್ನ ತಪ್ಪು, ಉಳಿದದ್ದಕ್ಕೆ ಬದ್ಧ.

ಕುಂದಗೋಳದ ಅಕ್ಕ

ನೀವೆಲ್ಲ ಕಾಯ್ದೆ ಸಡಿಲವಾಗಲಿ ಎನ್ನುತ್ತಿದ್ದೀರಿ. ನನ್ನ ತಮ್ಮ ಕಾಲೇಜಿನಲ್ಲಿದ್ದಾಗ ಕೆಮ್ಮಿನ ಔಷಧದ ಬಾಟಲಿಗೆ ಬಿದ್ದ. ಮೊದಲು ಒಂದು, ಆಮೇಲೆ ದಿನಕ್ಕೆ ನಾಲ್ಕು. ಅದರಲ್ಲಿ ಕೋಡೀನ್ ಇದೆ, ಅದೂ ಈ ಅಫೀಮಿನ ಮನೆತನದ್ದೇ ಎಂದು ನಮಗೆ ತಿಳಿದದ್ದು ಅವನನ್ನು ದವಾಖಾನೆಗೆ ಸೇರಿಸಿದ ಮೇಲೆ. ಅವ್ವನ ಬೋರಮಾಳ ಮಾರಿ ಅವನನ್ನು ಉಳಿಸಿಕೊಂಡೆವು. ಚೀಟಿ ಕೇಳದೆ ಕೊಟ್ಟ ಅಂಗಡಿಯವರಿಗೆ ಏನೂ ಆಗಲಿಲ್ಲ. ನಿಮ್ಮ ಅಪ್ಪನ ನೋವು ನನಗೆ ಅರ್ಥವಾಗುತ್ತದೆ, ಆದರೆ ಈ ವಸ್ತು ಸುಲಭವಾಗಿ ಸಿಗಬೇಕೆಂಬ ಮಾತನ್ನು ನಾನು ಒಪ್ಪಲಾರೆ.

ಹಳೇ ಹುಬ್ಬಳ್ಳಿ ಔಷಧ ಅಂಗಡಿ

ಅಕ್ಕಾವರೇ, ಚೀಟಿಯಿಲ್ಲದೆ ಕೊಟ್ಟವರು ಮಾಡಿದ್ದು ಅಪರಾಧ. ನಮ್ಮ ವೃತ್ತಿಯವರ ಪರವಾಗಿ ನಾಚಿಕೆಯಾಗುತ್ತದೆ. ಆದರೆ ಒಂದು ವಿಷಯವನ್ನು ನೋಡಿ: ಮಾರ್ಫಿನ್ ಗುಳಿಗೆಯ ಮೇಲೆ ಅಷ್ಟು ಬಿಗಿ ಇದ್ದ ಅದೇ ವರ್ಷಗಳಲ್ಲಿ ಕೋಡೀನ್ ಇರುವ ಸಿರಪ್ಪು ಊರೂರಿನಲ್ಲಿ ಸಿಗುತ್ತಿತ್ತು. ಬಿಗಿ ಬೇಕಾದ ಕಡೆ ಬಿಗಿ ಇರಲಿಲ್ಲ, ಸಡಿಲ ಬೇಕಾದ ಕಡೆ ಸಡಿಲವಾಗಲಿಲ್ಲ.

ನವನಗರದ ನರ್ಸ್

ನಿಮ್ಮ ತಮ್ಮನವರು ಉಳಿದುಕೊಂಡರೆಂದು ಓದಿ ಸಮಾಧಾನವಾಯಿತು. ನಿಮ್ಮ ಭಯ ಸುಳ್ಳಲ್ಲ, ಅದಕ್ಕೆ ನಾನು ಎದುರಾಡುವುದಿಲ್ಲ. ಮಾರ್ಫಿನ್ ಪೆಟ್ಟಿಗೆ ಅಂಗಡಿಯಲ್ಲಿ ಸಿಗಲಿ ಎಂದು ನಾವು ಯಾರೂ ಹೇಳುತ್ತಿಲ್ಲ. ತರಬೇತಿ ಪಡೆದ ಡಾಕ್ಟರು, ಲೆಕ್ಕದ ಪುಸ್ತಕ, ಬೀಗ ಎಲ್ಲವೂ ಇರಲಿ, ಆದರೆ ಅದು ಪ್ರತಿ ತಾಲ್ಲೂಕಿನಲ್ಲೂ ಇರಲಿ ಎನ್ನುತ್ತಿದ್ದೇವೆ. ಮನೆಯಲ್ಲೂ ಗುಳಿಗೆಯನ್ನು ಮಕ್ಕಳ ಕೈಗೆ ಸಿಗದಂತೆ ಕೀಲಿ ಹಾಕಿ ಇಡಬೇಕು, ಉಳಿದದ್ದನ್ನು ಕೊಟ್ಟಲ್ಲಿಗೇ ಹಿಂತಿರುಗಿಸಬೇಕು.

ಅಣ್ಣಿಗೇರಿ

ಅಮೆರಿಕದಲ್ಲಿ ಇಂಥ ಔಷಧಗಳ ಚಟದಿಂದ ಲಕ್ಷಾಂತರ ಜನ ಸತ್ತರಲ್ಲ? ಅದೂ ಡಾಕ್ಟರು ಬರೆದುಕೊಟ್ಟ ಗುಳಿಗೆಯಿಂದಲೇ ಆರಂಭವಾಗಿತ್ತು.

ಧಾರವಾಡ ಫಾರ್ಮಸಿ ಮೇಡಂ

ಹೌದು, ಆ ಪಾಠವನ್ನು ಮರೆಯಬಾರದು. ಅಲ್ಲಿ 1996ರಿಂದ ಆಕ್ಸಿಕೋಡೋನಿನ ನಿಧಾನಗತಿಯ ಗುಳಿಗೆಯೊಂದನ್ನು ಚಟದ ಅಪಾಯ ಕಡಿಮೆ ಎಂದು ನಂಬಿಸಿ ಕೀಲುನೋವು, ಬೆನ್ನುನೋವುಗಳಿಗೂ ಯಥೇಚ್ಛವಾಗಿ ಮಾರಿದರು. ತಯಾರಿಸಿದ ಕಂಪನಿ ತಪ್ಪುದಾರಿಗೆ ಎಳೆದದ್ದನ್ನು 2007ರಲ್ಲಿ ನ್ಯಾಯಾಲಯದಲ್ಲಿ ಒಪ್ಪಿಕೊಂಡಿತು. ಆಮೇಲೆ ಹೆರಾಯಿನ್, ಈಗ ಕಳ್ಳದಾರಿಯ ಫೆಂಟನಿಲ್. ಹೆರಾಯಿನ್ ಕೂಡ 1898ರಲ್ಲಿ ಬೇಯರ್ ಕಂಪನಿ ಕೆಮ್ಮಿನ ಔಷಧವೆಂದು ಮಾರುಕಟ್ಟೆಗೆ ಬಿಟ್ಟದ್ದೇ. ಮಾರ್ಫಿನ್‌ಗಿಂತ ನಿರಪಾಯ ಎಂಬ ಮಾತನ್ನು ಈ ಇತಿಹಾಸದಲ್ಲಿ ಮತ್ತೆ ಮತ್ತೆ ಕೇಳುತ್ತೇವೆ, ಪ್ರತಿ ಸಲವೂ ಅದು ಸುಳ್ಳಾಗಿದೆ. ಆದರೆ ಬೆನ್ನುನೋವಿಗೆ ತಿಂಗಳುಗಟ್ಟಲೆ ಕೊಡುವುದನ್ನೂ, ದವಡೆಯ ಕ್ಯಾನ್ಸರ್ ಕುತ್ತಿಗೆಗೆ ಹಬ್ಬಿದವರಿಗೆ ಕೊಡುವುದನ್ನೂ ಒಂದೇ ತಕ್ಕಡಿಯಲ್ಲಿ ಇಡಬಾರದು. ವಿಶ್ವ ಆರೋಗ್ಯ ಸಂಸ್ಥೆ 1977ರಲ್ಲಿ ಮಾಡಿದ ಮೊದಲ ಅಗತ್ಯ ಔಷಧಗಳ ಪಟ್ಟಿಯಲ್ಲೇ ಮಾರ್ಫಿನ್ ಇತ್ತು, ಇವತ್ತಿಗೂ ಇದೆ.

ಶಿರಹಟ್ಟಿ ಸೊಸೆ

ಇದನ್ನೆಲ್ಲ ಓದಿ ನನಗೆ ಬೇರೆಯೇ ಭಯ ಹತ್ತಿದೆ. ದೀಪಾವಳಿಯ ಕರ್ಜಿಕಾಯಿ ಹೂರಣಕ್ಕೆ, ಅನಾರಸಕ್ಕೆ ನಾವು ಮುಷ್ಟಿಗಟ್ಟಲೆ ಗಸಗಸೆ ಹಾಕುತ್ತೇವೆ. ಮಕ್ಕಳು ತಿನ್ನಬಹುದೇ?

ಧಾರವಾಡ ಫಾರ್ಮಸಿ ಮೇಡಂ

ಧಾರಾಳವಾಗಿ ತಿನ್ನಲಿ. ಗಸಗಸೆ ಅದೇ ಗಿಡದ ಬೀಜ, ಆದರೆ ಸತ್ವವಿರುವುದು ಕಾಯಿಯ ಗೋಡೆಯ ಹಾಲಿನಲ್ಲಿ. ಬೀಜಕ್ಕೆ ಹೊರಗಿನಿಂದ ಅಂಟಿರಬಹುದಾದ ಲೇಶವೂ ತೊಳೆದು ಹುರಿದಾಗ ಇನ್ನಷ್ಟು ಕಡಿಮೆಯಾಗುತ್ತದೆ. ಒಂದು ಎಚ್ಚರಿಕೆ ಮಾತ್ರ: ದುಬೈ, ಸೌದಿ, ಸಿಂಗಪುರಗಳಲ್ಲಿರುವ ಮಕ್ಕಳಿಗೆ ಗಸಗಸೆಯ ಪೊಟ್ಟಣವನ್ನಾಗಲಿ ಅದನ್ನು ಹಾಕಿದ ತಿಂಡಿಯನ್ನಾಗಲಿ ಕಟ್ಟಿ ಕಳಿಸಬೇಡಿ. ಅಲ್ಲಿ ಅದಕ್ಕೆ ನಿಷೇಧವಿದೆ.

ಬ್ಯಾಡಗಿ ರೈತ

ಹಾಗಾದರೆ ಜಗತ್ತಿನ ಔಷಧವೆಲ್ಲ ಆ ಹತ್ತು ಗುಂಟೆಯವರ ಕೈಯಿಂದಲೇ ಬರುತ್ತದೆಯೇ? ಅಫ್ಘಾನಿಸ್ತಾನದ್ದು ಏನಾಯಿತು?

ಧಾರವಾಡ ಫಾರ್ಮಸಿ ಮೇಡಂ

ಅಫ್ಘಾನಿಸ್ತಾನದ್ದು ಕಳ್ಳಮಾಲು, ಔಷಧಕ್ಕೂ ಅದಕ್ಕೂ ಸಂಬಂಧವಿಲ್ಲ. 2022ರ ಏಪ್ರಿಲ್‌ನಲ್ಲಿ ತಾಲಿಬಾನ್ ನಿಷೇಧಿಸಿದ ಮೇಲೆ ಅಲ್ಲಿನ ಬೆಳೆ 2,33,000 ಹೆಕ್ಟೇರಿನಿಂದ ಮರುವರ್ಷ 10,800 ಹೆಕ್ಟೇರಿಗೆ ಕುಸಿಯಿತೆಂದು ವಿಶ್ವಸಂಸ್ಥೆಯ ಸಮೀಕ್ಷೆ ಹೇಳಿತು. ಔಷಧದ ಕಾರ್ಖಾನೆಗಳಿಗೆ ಅದರಿಂದ ಒಂದು ಕಿಲೋ ಕೂಡ ಕಡಿಮೆಯಾಗಲಿಲ್ಲ.

ಕಾನೂನುಬದ್ಧ ಪೂರೈಕೆಯ ಲೆಕ್ಕ ಬೇರೆ. ಮಾದಕ ಔಷಧಗಳ ಬಗೆಗಿನ 1961ರ ಅಂತರರಾಷ್ಟ್ರೀಯ ಒಪ್ಪಂದದ ಪ್ರಕಾರ ಪ್ರತಿ ದೇಶವೂ ತನಗೆ ಮುಂದಿನ ವರ್ಷ ಎಷ್ಟು ಬೇಕೆಂದು ವಿಯೆನ್ನಾದಲ್ಲಿರುವ ಅಂತರರಾಷ್ಟ್ರೀಯ ಮಾದಕ ವಸ್ತು ನಿಯಂತ್ರಣ ಮಂಡಳಿಗೆ ತಿಳಿಸಬೇಕು. ಗೀರಿ ಹಾಲು ತೆಗೆದ ಅಫೀಮನ್ನು ಕಾನೂನಿನ ಪ್ರಕಾರ ರಫ್ತು ಮಾಡುವ ದೇಶ ಈಗ ಭಾರತವೊಂದೇ. ರಫ್ತು ಮಾಡುವ ಉಳಿದ ದೊಡ್ಡ ದೇಶಗಳು ಗೀರುವುದಿಲ್ಲ. ಹಂಗೇರಿಯ ಯಾನೋಶ್ ಕಾಬಾಯ್ ಎಂಬ ಔಷಧ ತಜ್ಞ ಒಣಗಿದ ಕಾಯಿ ಮತ್ತು ದಂಟಿನಿಂದ ನೇರವಾಗಿ ಮಾರ್ಫಿನ್ ತೆಗೆಯುವ ವಿಧಾನವನ್ನು 1930ರ ಆಸುಪಾಸಿನಲ್ಲಿ ರೂಪಿಸಿದ. ಹಾಲೇ ಹೊರಬರುವುದಿಲ್ಲ, ಆದ್ದರಿಂದ ಕದಿಯುವವನಿಗೂ ಪ್ರಯೋಜನವಿಲ್ಲ. ಟರ್ಕಿ ಅಮೆರಿಕದ ಒತ್ತಡಕ್ಕೆ 1971ರಲ್ಲಿ ಬೆಳೆಯನ್ನೇ ನಿಷೇಧಿಸಿ, 1974ರಲ್ಲಿ ನಿಷೇಧ ತೆಗೆದಾಗ ಈ ವಿಧಾನಕ್ಕೆ ಬದಲಾಯಿತು. ಅಲ್ಲಿ ಅಫೀಮಿನ ಹೆಸರನ್ನೇ ಹೊತ್ತ ಅಫ್ಯೋನ್‌ಕರಹಿಸಾರ್ ಎಂಬ ಊರಿದೆ. ಆಸ್ಟ್ರೇಲಿಯದ ಟಾಸ್ಮೇನಿಯ ದ್ವೀಪದಲ್ಲಿ ಯಂತ್ರಗಳಿಂದ ಕಟಾವು ಮಾಡುವ ದೊಡ್ಡ ಹೊಲಗಳಿವೆ. ಅಲ್ಲಿ ಥೀಬೇನ್ ಎಂಬ, ಅದೇ ಗಿಡದ ಇನ್ನೊಂದು ರಾಸಾಯನಿಕ ಹೆಚ್ಚಿರುವ ತಳಿಯನ್ನೂ ಬೆಳೆಸಿದರು. ಆಕ್ಸಿಕೋಡೋನ್ ಆಗುವುದು ಥೀಬೇನ್‌ನಿಂದ. ಮಿತಿಮೀರಿ ತೆಗೆದುಕೊಂಡವರ ಉಸಿರನ್ನು ಮರಳಿಸುವ ನಲೊಕ್ಸೋನ್ ಎಂಬ ಪ್ರತಿಮದ್ದೂ ಅದೇ ಥೀಬೇನ್‌ನಿಂದಲೇ ಆಗುತ್ತದೆ ಎಂಬುದನ್ನು ಪಾಠ ಮಾಡುವಾಗಲೆಲ್ಲ ನಾನು ಒಂದು ಕ್ಷಣ ನಿಂತು ಹೇಳುತ್ತೇನೆ.

ಸಾಂಪ್ರದಾಯಿಕ ಬೆಳೆಗಾರರೆಂಬ ಕಾರಣಕ್ಕೆ ಭಾರತ, ಟರ್ಕಿಗಳಿಂದ ಶೇ. 80ರಷ್ಟು ಕಚ್ಚಾವಸ್ತು ಕೊಳ್ಳಬೇಕೆಂಬ ನಿಯಮವನ್ನು ಅಮೆರಿಕ 1981ರಲ್ಲಿ ಮಾಡಿಕೊಂಡಿತು. ಈಚೆಗೆ ನಮ್ಮ ಸರ್ಕಾರವೂ ಕೆಲವು ರೈತರಿಗೆ ಗೀರದೆ ಕಾಯಿ ಕೊಡುವ ಪರವಾನಗಿ ಕೊಡುತ್ತಿದೆ.

ಬೆಟಗೇರಿ ಮಗ್ಗ

ಕಾರ್ಖಾನೆಯಲ್ಲೇ ಮಾಡಬಾರದೇ? ಗಿಡವೇ ಏಕೆ ಬೇಕು?

ಧಾರವಾಡ ಫಾರ್ಮಸಿ ಮೇಡಂ

ಮಾರ್ಫಿನ್ ಅಣುವನ್ನು ಪ್ರಯೋಗಾಲಯದಲ್ಲಿ ಮೊದಲಿನಿಂದ ಕಟ್ಟಿದ್ದು 1952ರಲ್ಲೇ, ಆದರೆ ಅಷ್ಟೊಂದು ಹಂತಗಳ ಖರ್ಚಿಗೆ ಗಿಡವೇ ಎಷ್ಟೋ ಅಗ್ಗ. 2015ರಲ್ಲಿ ಸ್ಟ್ಯಾನ್‌ಫರ್ಡ್‌ನ ವಿಜ್ಞಾನಿಗಳು ಯೀಸ್ಟಿನಿಂದ ಥೀಬೇನ್ ಮಾಡಿಸಿದರು. ಆಗ ಒಂದು ಗುಳಿಗೆಯಷ್ಟು ಔಷಧಕ್ಕೆ ಸಾವಿರಾರು ಲೀಟರ್ ಹುದುಗು ಬೇಕಾಗುತ್ತಿತ್ತು. ಫೆಂಟನಿಲ್, ಮೆಥಡೋನ್‌ಗಳು ಗಿಡವಿಲ್ಲದೆ ತಯಾರಾಗುತ್ತವೆ, ಆದರೂ ಬಾಯಿಂದ ನುಂಗುವ ಅಗ್ಗದ ನೋವಿನ ಔಷಧವಾಗಿ ಮಾರ್ಫಿನ್‌ಗೆ ಇರುವ ಜಾಗವನ್ನು ಅವು ತೆಗೆದುಕೊಂಡಿಲ್ಲ.

ಬ್ಯಾಡಗಿ ರೈತ

ಓದಿದಷ್ಟೂ ಹೊಟ್ಟೆ ಉರಿಯುತ್ತದೆ ಮೇಡಂ. ಬೆಳೆಯುವವರು ನಾವು, ಹಾನಗಲ್ಲಿನ ಮನುಷ್ಯ ಟವೆಲ್ ಅದುಮಿಕೊಂಡು ಕೂರಬೇಕು.

ಧಾರವಾಡ ಫಾರ್ಮಸಿ ಮೇಡಂ

ಉರಿಯಲೇಬೇಕು. 2017ರಲ್ಲಿ ಬಂದ, ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯ ಆಯೋಗದ ವರದಿಯ ಪ್ರಕಾರ ಜಗತ್ತಿನಲ್ಲಿ ವರ್ಷಕ್ಕೆ ಹಂಚಿಕೆಯಾಗುತ್ತಿದ್ದ ಮಾರ್ಫಿನ್ ಮತ್ತು ಅದಕ್ಕೆ ಸಮಾನವಾದ 298.5 ಟನ್ ಔಷಧದಲ್ಲಿ ಅತಿ ಬಡ ದೇಶಗಳಿಗೆ ತಲುಪಿದ್ದು 0.1 ಟನ್. ಭಾರತದಲ್ಲಿ ಅಗತ್ಯದ ಶೇ. 4ರಷ್ಟು ಮಾತ್ರ ಸಿಗುತ್ತಿತ್ತು.

ಶಿಗ್ಗಾಂವಿಯ ಸ್ವಯಂಸೇವಕ

ಉರಿಯುವುದರ ಜೊತೆಗೆ ಒಂದು ಕೆಲಸವನ್ನೂ ಮಾಡಬಹುದು. ಕೇರಳದಲ್ಲಿ 1993ರಲ್ಲಿ ಕಲ್ಲಿಕೋಟೆಯ ವೈದ್ಯಕೀಯ ಕಾಲೇಜಿನಲ್ಲಿ ಡಾ. ಎಂ. ಆರ್. ರಾಜಗೋಪಾಲ್ ಮತ್ತು ಸಂಗಡಿಗರು ಒಂದು ನೋವು ನಿವಾರಣಾ ಕ್ಲಿನಿಕ್ ಆರಂಭಿಸಿದರು. ಊರಿನ ಜನ ತರಬೇತಿ ಪಡೆದು ಮನೆಮನೆಗೆ ಹೋಗತೊಡಗಿದರು, 2008ರಲ್ಲಿ ಸರ್ಕಾರವೇ ಉಪಶಮನ ಆರೈಕೆಯ, ಅಂದರೆ ವಾಸಿಯಾಗದ ಕಾಯಿಲೆಯವರ ನೋವು ಇಳಿಸುವ ಆರೈಕೆಯ, ನೀತಿ ತಂದಿತು. ಉಗಾಂಡಾದಲ್ಲಿ ಮಾರ್ಫಿನ್ ಪುಡಿಯನ್ನು ನೀರಿನಲ್ಲಿ ಕರಗಿಸಿ ಬಾಟಲಿಯಲ್ಲಿ ಕೊಡುತ್ತಾರೆ, ತರಬೇತಿ ಪಡೆದ ನರ್ಸುಗಳೇ ಬರೆದುಕೊಡಬಹುದು. ದುಡ್ಡಿನ ಕೊರತೆ ಎಂದು ನಾವು ಹೇಳುವ ಹಾಗಿಲ್ಲ.

ಹಾವೇರಿ ಜಿಲ್ಲೆಯ ತಾಲ್ಲೂಕು ಆಸ್ಪತ್ರೆಗಳಿಗೆ ಮಾನ್ಯತೆ ಕೊಡಿಸಿ ಎಂದು ಜಿಲ್ಲಾ ಆರೋಗ್ಯಾಧಿಕಾರಿಗೆ ಒಂದು ಮನವಿ ಬರೆಯೋಣ. ಕರಡನ್ನು ನಾನು ಮಾಡುತ್ತೇನೆ. ಔಷಧ ಅಂಗಡಿಯ ಸರ್, ನಿಯಮದ ಭಾಗವನ್ನು ನೀವು ನೋಡಿಕೊಡುತ್ತೀರಾ?

ಹಳೇ ಹುಬ್ಬಳ್ಳಿ ಔಷಧ ಅಂಗಡಿ

ನೋಡಿಕೊಡುತ್ತೇನೆ. ರವಿವಾರ ಅಂಗಡಿ ಮುಚ್ಚಿದ ಮೇಲೆ ಕೂರುತ್ತೇನೆ.

ಕುಂದಗೋಳದ ಅಕ್ಕ

ಬೀಗ ಮತ್ತು ಲೆಕ್ಕದ ಮಾತನ್ನೂ ಆ ಮನವಿಯಲ್ಲಿ ಸೇರಿಸುವುದಾದರೆ ನಾನೂ ಸಹಿ ಹಾಕುತ್ತೇನೆ.

ಹಾನಗಲ್ಲಿನ ಮಗ

ಎಲ್ಲರಿಗೂ ಕೈಮುಗಿಯುತ್ತೇನೆ. ಡಾಕ್ಟರಿಗೆ ಫೋನ್ ಮಾಡಿದೆ. ಎಷ್ಟರಿಂದ ಮತ್ತೆ ಶುರು ಮಾಡಬೇಕೆಂದು ಹೇಳಿದರು. ಅಕ್ಕಾವರು ಹೇಳಿದ್ದು ನಿಜವಾಗಿತ್ತು, ಅಪ್ಪ ನಾಲ್ಕು ದಿನದಿಂದ ಹೊರಗೆ ಹೋಗಿರಲಿಲ್ಲ, ಯಾರಿಗೂ ಹೇಳಿರಲಿಲ್ಲ. ಅದಕ್ಕೂ ಔಷಧ ಹೆಚ್ಚಿಸಿದ್ದಾರೆ.

ಮಾವನವರನ್ನೇ ಪಕ್ಕದಲ್ಲಿ ಕೂರಿಸಿಕೊಂಡು, ರಾಣೆಬೆನ್ನೂರಿನವರು ಬರೆದದ್ದನ್ನು ಅಪ್ಪನಿಗೆ ಓದಿ ಹೇಳಿದೆ. ಔಷಧದ ಮಾತಿಗಿಂತ ಬೆಳೆಯ ಮಾತನ್ನು ಅವರು ಹೆಚ್ಚು ಗಮನವಿಟ್ಟು ಕೇಳಿದರು. ದವಡೆ ಹೆಚ್ಚು ತೆರೆಯುವುದಿಲ್ಲ, ಆದರೂ ಎರಡು ಸಲ ನಿಲ್ಲಿಸಿ ಪ್ರಶ್ನೆ ಹಾಕಿದರು. ಆಮೇಲೆ ಗುಳಿಗೆ ತೆಗೆದುಕೊಂಡರು, ನುಂಗಿದರೆಂದು ತೋರಿಸಲು ಬಾಯಿ ತೆರೆದರು. ನಿನ್ನೆ ರಾತ್ರಿ ಮೂರು ಗಂಟೆ ಮಲಗಿದ್ದಾರೆ.

ಅವರ ಒಂದು ಪ್ರಶ್ನೆಗೆ ನನಗೆ ಉತ್ತರ ಗೊತ್ತಾಗಲಿಲ್ಲ. ಕಾಯಿಗೆ ಅಷ್ಟು ಸಲ ಗೀರಿದ ಮೇಲೆ ಒಳಗೆ ಬೀಜ ಕಟ್ಟುತ್ತದೆಯೇ, ಇಲ್ಲವೇ ಜೊಳ್ಳಾಗುತ್ತದೆಯೇ ಎಂದು ಕೇಳುತ್ತಿದ್ದಾರೆ.

ರಾಣೆಬೆನ್ನೂರು ಬೀಜ

ಕಟ್ಟುತ್ತದೆ ಎಂದು ಹೇಳಿರಿ. ಗೀರು ತೊಗಟೆಯಲ್ಲೇ ನಿಲ್ಲಬೇಕು. ಆಳವಾದರೆ ಹಾಲು ಒಳಕ್ಕೆ ಇಳಿದು ಬೀಜ ಕೆಡುತ್ತದೆ. ಅದಕ್ಕೇ ಆ ಕೆಲಸಕ್ಕೆ ಕೈಹದವಿರುವ ಹಿರಿಯರನ್ನೇ ಹುಡುಕುತ್ತಾರೆ. ಹಾಲೆಲ್ಲ ತೆಗೆದ ಮೇಲೆ ಕಾಯಿಯನ್ನು ಗಿಡದಲ್ಲೇ ಒಣಗಲು ಬಿಟ್ಟು, ಆಮೇಲೆ ಒಡೆದು ಗಸಗಸೆ ಜಾಡಿಸಿಕೊಳ್ಳುತ್ತಾರೆ. ಅದನ್ನು ರೈತ ತನಗೆ ಬೇಕಾದವರಿಗೆ ಮಾರಬಹುದು.